ಅಣಬೆ ಚೀಟಿಯ ಅರ್ಧ ಮಾತು

ಗುಳಿಗೆ ನುಂಗಿ ಬೇಸತ್ತವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಸಕ್ಕರೆ ಕಾಯಿಲೆಯವರು, ಬಿ.ಪಿ.ಯವರು, ಮೂರ್ಛೆ ಬರುವವರು. ಆರಾಮಾಗಿ ಇದ್ದೇನಲ್ಲ, ಇನ್ನು ಗುಳಿಗೆ ಯಾಕೆ ಎಂದು ಅವರಿಗೆ ಅನ್ನಿಸುತ್ತದೆ. ಆರಾಮಾಗಿರುವುದೇ ಆ ಗುಳಿಗೆಯಿಂದ ಎಂಬುದು ಮರೆತುಹೋಗುತ್ತದೆ. ಗಂಗಾವತಿ ಹತ್ತಿರದ ಮರಳಿ ಎಂಬ ಊರಿನ ಅಮರಪ್ಪನ ಮನೆಯಲ್ಲೂ ಹಾಗೇ ಆಯಿತು.

ಅಮರಪ್ಪ ಸೌಡಿ. ಕಾಲುವೆಯ ತೂಬಿನ ಬಾಗಿಲು ಏರಿಸಿ, ಇಳಿಸಿ, ಭತ್ತದ ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ಹಗಲೆಲ್ಲ ಹರಿಯುವ ನೀರಿನ ಮೇಲೆ, ಒಂದು ಅಡಿ ಅಗಲದ ಕಟ್ಟೆಯ ಮೇಲೆ ನಿಲ್ಲಬೇಕು. ಅವನಿಗೆ ಮೂರ್ಛೆ ರೋಗವಿತ್ತು. ದಿನಕ್ಕೆ ಎರಡು ಗುಳಿಗೆ, ಬೆಳಿಗ್ಗೆ ಒಂದು, ಸಂಜೆ ಒಂದು. ಗುಳಿಗೆ ಶುರುಮಾಡಿದ ಮೇಲೆ ಮೂರು ವರ್ಷ ಒಮ್ಮೆಯೂ ಬಿದ್ದಿರಲಿಲ್ಲ. ನೀರಿನ ಹತ್ತಿರದ ಕೆಲಸ ಬಿಟ್ಟು ಬೇರೆ ಕೆಲಸ ಕೇಳು ಎಂದು ಡಾಕ್ಟರು ಹೇಳಿದ್ದರು. ಅವನು ಕೇಳಿರಲಿಲ್ಲ. ಮೂರ್ಛೆಯ ಮಾತು ಕಚೇರಿಯಲ್ಲಿ ಗೊತ್ತಾದರೆ ನಾಚಿಕೆ ಎನ್ನುತ್ತಿದ್ದ.

ಹೆಂಡತಿ ಮಲ್ಲೇಶ್ವರಿ ಆ ಮೂರು ವರ್ಷದಲ್ಲಿ ಒಂದು ದಿನವೂ ನಿಶ್ಚಿಂತೆಯಾಗಿ ಇದ್ದವಳಲ್ಲ. ಅವನು ಸೈಕಲ್ ಏರಿ ಹೋದ ಮೇಲೆ ಓಣಿಯಲ್ಲಿ ಯಾರಾದರೂ ಜೋರಾಗಿ ಕೂಗಿದರೆ ಸಾಕು, ಅವಳ ಕೈಯಲ್ಲಿದ್ದ ಕೆಲಸ ನಿಂತುಬಿಡುತ್ತಿತ್ತು. ಕೂಗಿದವರು ಎಮ್ಮೆಯನ್ನು ಬೈಯುತ್ತಿದ್ದಾರೆ ಎಂದು ತಿಳಿದ ಮೇಲೆಯೇ ಅವಳಿಗೆ ಉಸಿರು ಬರುತ್ತಿತ್ತು.

ಮಲ್ಲೇಶ್ವರಿ ಬಿ.ಎ. ಓದಿದವಳು. ಊರಿನ ಸ್ವಸಹಾಯ ಗುಂಪಿನ ಕಾರ್ಯದರ್ಶಿ. ಆ ಗುಂಪಿನ ಹೆಂಗಸರು ಭತ್ತದ ಹುಲ್ಲಿನಲ್ಲಿ ಅಣಬೆ ಬೆಳೆಯುತ್ತಿದ್ದರು. ಹುಲ್ಲನ್ನು ಕತ್ತರಿಸಿ, ಕುದಿಸಿ, ಆರಿಸಿ, ಚೀಲಕ್ಕೆ ತುಂಬಿ, ನಡುನಡುವೆ ತರಬೇತಿ ಕೇಂದ್ರದಿಂದ ತಂದ ಬೀಜ ಹಾಕುತ್ತಿದ್ದರು. ಇಪ್ಪತ್ತೈದು ದಿನಕ್ಕೆ ಚೀಲದ ತೂತುಗಳಿಂದ ಬೆಳ್ಳಗೆ, ಕಿವಿಯ ಹಾಗೆ ಅಗಲವಾಗಿ, ಗೊಂಚಲು ಗೊಂಚಲು ಅಣಬೆ ಬರುತ್ತಿತ್ತು. ಅದನ್ನು ಹಸಿಯಾಗಿಯೂ, ಒಣಗಿಸಿ ಪುಡಿ ಮಾಡಿಯೂ ಸಂತೆಯಲ್ಲಿ ಮಾರುತ್ತಿದ್ದರು. ಮೂರು ಬೆಳೆ ತೆಗೆದ ಮೇಲೆ ಹುಲ್ಲಿನ ಸಾರ ಮುಗಿಯುತ್ತದೆ. ಆಗ ಆ ಚೀಲಗಳನ್ನು ಮಲ್ಲೇಶ್ವರಿಯ ಹಿತ್ತಲಿನ ತಿಪ್ಪೆಯ ಪಕ್ಕ ಸುರಿಯುತ್ತಿದ್ದರು.

ತರಬೇತಿಯಲ್ಲಿ ಒಬ್ಬ ವಿಜ್ಞಾನಿ ಎರಡು ಮಾತು ಹೇಳಿದ್ದರು. ಮಲ್ಲೇಶ್ವರಿ ಎರಡನ್ನೂ ವಹಿಯಲ್ಲಿ ಬರೆದುಕೊಂಡಿದ್ದಳು. ಮೊದಲನೆಯದು: ಕೆಲವು ಔಷಧೀಯ ಅಣಬೆಗಳ ಸಾರವು ನರಕೋಶಗಳನ್ನು ಒತ್ತಡದ ಹಾನಿಯಿಂದ ಕಾಪಾಡಿದ್ದು ಪ್ರಯೋಗಾಲಯದಲ್ಲಿ ಕಂಡಿದೆ. ಎರಡನೆಯದು: ಇದು ಮನುಷ್ಯರ ರೋಗಕ್ಕೆ ಮದ್ದು ಎಂದು ಇನ್ನೂ ಸಾಬೀತಾಗಿಲ್ಲ, ಯಾರೂ ಗುಳಿಗೆ ಬಿಟ್ಟು ಅಣಬೆ ತಿನ್ನಬಾರದು.

ಅಣಬೆ ಪೊಟ್ಟಣಕ್ಕೆ ಚೀಟಿ ಅಂಟಿಸುವ ದಿನ ಬಂತು. ಮಲ್ಲೇಶ್ವರಿ ದುಂಡು ಅಕ್ಷರದಲ್ಲಿ ಬರೆದಳು: ‘ಮರಳಿ ಅಣಬೆ. ನರಗಳಿಗೆ ರಕ್ಷಣೆ.’

ಊರಿನ ಆಶಾ ಕಾರ್ಯಕರ್ತೆ ತಾಜಬೀ ಅಲ್ಲೇ ಕುಳಿತಿದ್ದಳು. ತರಬೇತಿಗೆ ಅವಳೂ ಹೋಗಿದ್ದಳು. ಅವಳು ಚೀಟಿಯನ್ನು ಕೈಗೆ ತೆಗೆದುಕೊಂಡು ಓದಿದಳು.

“ಮಲ್ಲೇಶ್ವರಿ, ಅವರು ಇನ್ನೊಂದು ಮಾತು ಹೇಳಿದ್ರಲ್ಲ?”

“ಹೇಳಿದ್ರಕ್ಕಾ. ಚೀಟಿ ಸಣ್ಣದೈತಿ.”

“ಸಣ್ಣದಾದ್ರ ದೊಡ್ಡದು ಮಾಡು. ಅರ್ಧ ಮಾತು ಭಾಳ ದೂರ ನಡೀತೈತಿ ನೋಡು.”

ಗುಂಪಿನ ಪಕೀರಮ್ಮ ನಕ್ಕಳು. “ಅಷ್ಟೆಲ್ಲಾ ಬರದ್ರ ಅಣಬಿ ಕಾಣಂಗಿಲ್ಲ, ಬರೇ ಚೀಟಿ ಕಾಣ್ತೈತಿ! ಸಂತಿಗೆ ಬಂದವ್ರು ಏನ್ ಪರೀಕ್ಷೆ ಬರಿಯಾಕ ಬಂದಿರ್ತಾರೇನು?”

ಎಲ್ಲರೂ ನಕ್ಕರು. ಮಲ್ಲೇಶ್ವರಿಯೂ ನಕ್ಕಳು. ಚೀಟಿ ಹಾಗೇ ಉಳಿಯಿತು.

ಅದು ಶ್ರಾವಣ ಮಾಸ. ಕಾಲುವೆ ತುಂಬಿ ಹರಿಯುತ್ತಿತ್ತು. ಒಂದು ಸೋಮವಾರ ಬೆಳಿಗ್ಗೆ ಅಮರಪ್ಪ ಕೆಲಸಕ್ಕೆ ಹೋದ ಮೇಲೆ, ಮಲ್ಲೇಶ್ವರಿ ಕಪಾಟಿನ ಮೇಲಿನ ಗುಳಿಗೆ ಡಬ್ಬಿ ಒರೆಸಲು ತೆಗೆದಳು. ಮುಚ್ಚಳ ತೆಗೆದವಳು ಹಾಗೇ ನಿಂತಳು. ಹತ್ತು ಗುಳಿಗೆಯ ಒಂದು ಪಟ್ಟಿ ಇಡಿಯಾಗಿ ಇತ್ತು. ಬುಧವಾರ ಅವಳೇ ತಂದಿಟ್ಟದ್ದು. ಈ ಹೊತ್ತಿಗೆ ಅದು ಖಾಲಿಯಾಗಿರಬೇಕಿತ್ತು.

ಹದಿನೈದು ದಿನದಿಂದ ಅಣಬೆ ಕೋಣೆಗೆ ಬೆಳಿಗ್ಗೆ ಸಂಜೆ ನೀರು ಸಿಂಪಡಿಸುವ ಸರದಿ ಅವಳದಾಗಿತ್ತು. ಮಗನಿಗೆ ಗುಳಿಗೆ ಕೊಡುವ ಕೆಲಸವನ್ನು ಅತ್ತೆ ವಿರೂಪಾಕ್ಷಮ್ಮ ತಾವೇ ವಹಿಸಿಕೊಂಡಿದ್ದರು.

“ಅತ್ತೀ, ಇವರು ಗುಳಿಗಿ ತಗೊಂಡಿಲ್ಲೇನ್ರಿ?”

ವಿರೂಪಾಕ್ಷಮ್ಮ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. “ಎದಕ್ಕ ತಗೋಬೇಕು? ಗುಳಿಗಿ ನುಂಗಿ ನುಂಗಿ ಹಗಲೊತ್ತು ತೂಕಡಸ್ತಾನ. ಬ್ಯಾಡ ಬಿಡು ಅಂದ್ರ ಅವನೂ ಹೂಂ ಅಂದ. ಐದು ದಿನ ಆತು, ಹಾಲಿನಾಗ ನಿಮ್ಮ ಅಣಬಿ ಪುಡಿ ಹಾಕಿ ಕೊಡಾಕತ್ತೀನಿ. ಅವನ ಮಾರಿ ನೋಡಿಯೇನು? ಹೆಂಗ ತಿಳಿ ಆಗೈತಿ!”

“ಯಾರು ಹೇಳಿದ್ರು ಹಂಗ ಮಾಡ್ರಿ ಅಂತ?”

“ನೀನ ಹೇಳೀದಿ. ಪಕೀರಮ್ಮನ ಕಡೆ ಚೀಟಿ ಓದಿಸೀನಿ. ನರಕ್ಕ ರಕ್ಷಣೆ ಅಂತ ನಿನ್ನ ಕೈಯಿಂದ ಬರದೀಯಲ್ಲ? ಮೂರ್ಛೆ ನರದ ರೋಗ ಅಂತ ಡಾಕ್ಟರು ಅಂದಾರ. ಮತ್ತೇನು ಬೇಕು? ಊರಿಗೆಲ್ಲಾ ಮಾರ್ತೀರಿ, ಮನ್ಯಾಗಿನವ್ನಿಗೆ ಕೊಡಬಾರದೇನು?”

ಮಲ್ಲೇಶ್ವರಿ ಬಾಗಿಲ ಕಡೆ ನಡೆದಳು. ಐದು ದಿನ ಗುಳಿಗೆ ಇಲ್ಲ. ಈಗ ಅವನು ತೂಬಿನ ಕಟ್ಟೆಯ ಮೇಲೆ ನಿಂತಿದ್ದಾನೆ. ಅಷ್ಟೇ ಅವಳಿಗೆ ಕಾಣುತ್ತಿತ್ತು. ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಅತ್ತೆ ಮತ್ತೊಂದು ಮಾತು ಸೇರಿಸಿದರು.

“ಪುಡಿ ಶನಿವಾರನ ಮುಗೀತು. ನಿನ್ನಿ ರಾತ್ರಿ ಉಣ್ಣೂ ಹೊತ್ತಿಗೆ, ನೀ ಅಣಬಿ ಕೋಣಿಯಿಂದ ಬರೂ ಮೊದಲ, ಹಿತ್ತಲಾಗಿನ ಅಣಬಿ ಬೆಣ್ಯಾಗ ಹುರದು ಕೊಟ್ಟೆ. ಶ್ರಾವಣದಾಗ ಬಾಡೂಟ ಇಲ್ಲ, ಇದಾದ್ರೂ ತಿನ್ಲಿ ಅಂತ. ತಾಟು ನೆಕ್ಕಿ ಉಂಡಾನ.”

ಮಲ್ಲೇಶ್ವರಿ ತಿರುಗಿದಳು. “ಹಿತ್ತಲಾಗ ಯಾವ ಅಣಬಿ?”

“ನಿಮ್ಮವ. ನೀವು ಒಗದ ಚೀಲದಾಗಿನ ಬೀಜ ಮಳಿಗೆ ಮತ್ತ ಹುಟ್ಟೈತಿ. ನೀವು ಕಲ್ತವ್ರು, ಸುಮ್ನ ತಿಪ್ಪಿಗೆ ಚೆಲ್ಲೀರಿ.”

ಅವಳು ಹಿತ್ತಲಿಗೆ ಓಡಿದಳು. ಸುರಿದ ಹುಲ್ಲಿನ ರಾಶಿಯ ಅಂಚಿನಲ್ಲಿ ಅಣಬೆಗಳಿದ್ದವು. ಬೆಳ್ಳಗಿದ್ದವು. ಆದರೆ ಕಿವಿಯಂತೆ ಗೊಂಚಲಾಗಿ ಇರಲಿಲ್ಲ. ಒಂದೊಂದೇ, ನೆಟ್ಟಗೆ, ಸಣ್ಣ ಛತ್ರಿಗಳ ಹಾಗೆ ಮಣ್ಣಿನಿಂದ ಎದ್ದಿದ್ದವು. ತಲೆಯ ಮೇಲೆ ಕಂದು ಹೊಪ್ಪಳೆ. ದಂಟಿಗೆ ಬಳೆಯಂಥ ಒಂದು ಉಂಗುರ. ಇವು ತಾವು ಹಾಕಿದ ಬೀಜದವಲ್ಲ. ಗಾಳಿಯಲ್ಲೋ ಮಣ್ಣಿನಲ್ಲೋ ಬಂದ ಬೇರೆ ಯಾವುದೋ ಅಣಬೆ, ತಾವು ಚೆಲ್ಲಿದ ಹುಲ್ಲನ್ನೇ ತಿಂದು ಬೆಳೆದಿತ್ತು. ಕಿತ್ತ ಜಾಗದ ಗುಂಡಿಗಳು ಏಳೆಂಟು ಇದ್ದವು.

“ಅತ್ತೀ, ಇವು ನಮ್ಮವಲ್ಲ! ನೀವೂ ತಿಂದ್ರೇನು?”

“ನಾನೆಲ್ಲಿ ತಿನ್ನಲಿ? ಇದ್ದವು ಇಷ್ಟ ಇಷ್ಟು. ಎಲ್ಲಾ ಅವಂಗ ಹಾಕೀನಿ.” ವಿರೂಪಾಕ್ಷಮ್ಮನ ದನಿ ಈಗ ಸ್ವಲ್ಪ ಇಳಿದಿತ್ತು. “ನೋಡೇ ಮಾಡೀನವ್ವಾ. ಕುದಿಯೂ ನೀರಾಗ ಬೆಳ್ಳಿ ಕಾಲುಂಗುರ ಹಾಕಿ ನೋಡಿದೆ, ಕಪ್ಪಾಗಲಿಲ್ಲ. ಇರಿವಿ ಸೈತ ತಿಂದಿದ್ವು. ವಿಷ ಇದ್ರ ಇರಿವಿ ತಿಂತಾವೇನು?”

ಅಷ್ಟರಲ್ಲಿ ತಾಜಬೀ ಹೆಗಲಿಗೆ ಚೀಲ ಹಾಕಿಕೊಂಡು ಬಾಗಿಲಿಗೆ ಬಂದಳು. ಪಕ್ಕದ ಮನೆಯ ಕೂಸಿನ ತೂಕ ನೋಡಲು ಬಂದವಳು ಇವರ ಮಾತು ಕೇಳಿ ನಿಂತಿದ್ದಳು.

“ಬೆಳ್ಳಿಗೆ ಗೊತ್ತಾಗಂಗಿಲ್ಲ ಅಮ್ಮಾ, ಇರಿವಿಗೂ ಗೊತ್ತಾಗಂಗಿಲ್ಲ. ಇರಿವಿ ಬದುಕಿದ್ದು ಮನಷ್ಯಾ ಸಾಯ್ತಾನ. ಎಷ್ಟೊತ್ತಿಗೆ ಉಂಡಾನ?”

“ಎಂಟು ಗಂಟೆ ಆಗಿತ್ತು.”

“ಈಗ ಒಂಬತ್ತು ಆಗಾಕ ಬಂತು. ಮಲ್ಲೇಶ್ವರಿ, ಒಂದು ಅಣಬಿ ಬೇರು ಸಮೇತ ಎಬ್ಬಿಸು. ಪ್ಲಾಸ್ಟಿಕ್ ಬ್ಯಾಡ, ಪೇಪರಿನಾಗ ಸುತ್ತು. ಗುಳಿಗಿ ಪಟ್ಟಿನೂ ತಗೋ. ಕೈ ತೊಳಿ. ನಡಿ.”

ಅಮರಪ್ಪನ ಫೋನು ಬಡಿಯುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ನೀರಿಗೆ ಬಿದ್ದೀತೆಂದು ಅವನು ಅದನ್ನು ಸೈಕಲ್ ಚೀಲದಲ್ಲಿಟ್ಟು ಕೆಲಸ ಮಾಡುತ್ತಿದ್ದ. ಇಬ್ಬರೂ ತಾಜಬೀಯ ಸ್ಕೂಟಿಯಲ್ಲಿ ಕಾಲುವೆ ದಾರಿ ಹಿಡಿದರು. ಎರಡೂ ಕಡೆ ಹೊಸದಾಗಿ ನಾಟಿ ಮಾಡಿದ ಗದ್ದೆ. ಹೆಂಗಸರು ಬಗ್ಗಿಕೊಂಡೇ “ಎಲ್ಲಿಗ್ರವ್ವಾ ಇಷ್ಟು ಅವಸರ?” ಎಂದರು. ಮಲ್ಲೇಶ್ವರಿ ನೀರನ್ನೇ ನೋಡುತ್ತಿದ್ದಳು. ಕೆಂಪು ನೀರು. ತೇಲಿ ಬಂದ ಒಂದು ಮರದ ತುಂಡು ದೂರದಿಂದ ಬೇರೆಯೇ ಕಂಡು ಅವಳು ತಾಜಬೀಯ ಭುಜ ಗಟ್ಟಿಯಾಗಿ ಹಿಡಿದಳು.

ಮೊದಲನೆಯ ತೂಬಿನಲ್ಲಿ ಅವನಿರಲಿಲ್ಲ. ಎರಡನೆಯ ತೂಬಿನ ಕಂಬಕ್ಕೆ ಸೈಕಲ್ ಒರಗಿತ್ತು. ಕಟ್ಟೆಯ ಮೇಲೆ ಒಂದೇ ಒಂದು ಚಪ್ಪಲಿ.

“ಏನ್ರೀ!” ಎಂದು ಮಲ್ಲೇಶ್ವರಿ ಕೂಗಿದ ಕೂಗಿಗೆ ಗದ್ದೆಯ ಕೊಕ್ಕರೆಗಳು ಎದ್ದವು.

ತೂಬಿನ ಆಚೆ ಬದಿಯಿಂದ ನರಳುವ ಸದ್ದು ಬಂತು. ಅಮರಪ್ಪ ಬಾಗಿಲ ಚಕ್ರವನ್ನು ತಬ್ಬಿಕೊಂಡು ಕುಳಿತಿದ್ದ. ಕಾಲು ನೀರಿನ ಮೇಲೆ ಜೋತಾಡುತ್ತಿದ್ದವು. ಮುಖ ಬಿಳಿಚಿತ್ತು. ವಾಂತಿ ಮಾಡಿ ಮಾಡಿ ಸುಸ್ತಾಗಿದ್ದ.

“ಏನಿಲ್ಲಬೇ, ಪಿತ್ತ ಆಗೈತಿ. ಹೊಟ್ಟಿ ಕಡ್ದಂಗಾತು, ಒಂದು ಚಪ್ಪಲಿ ನೀರಿಗೆ ಹೋತು, ಅಷ್ಟ,” ಎಂದ.

“ಚಪ್ಪಲಿ ಹೋದ್ರ ಹೋಗ್ಲಿ. ಮಾತಾಡಬ್ಯಾಡ್ರಿ ಅಣ್ಣಾರ, ಈ ಕಡೆ ಸರೀರಿ,” ಎಂದಳು ತಾಜಬೀ. ಇಬ್ಬರೂ ಅವನ ಎರಡು ರಟ್ಟೆ ಹಿಡಿದು ದಂಡೆಯಿಂದ ದೂರ ಎಳೆದು ತಂದರು. ತಾಜಬೀ ನೂರಾ ಎಂಟಕ್ಕೆ ಫೋನು ಮಾಡಿದಳು.

ಹಿಂದೆಯೇ ಯಾರದೋ ಬೈಕಿನಲ್ಲಿ ಬಂದ ವಿರೂಪಾಕ್ಷಮ್ಮನ ಕೈಯಲ್ಲಿ ಹುಣಸೆನೀರಿನ ತಂಬಿಗೆ ಇತ್ತು. “ಇದನ್ನ ಕುಡಿಸ್ರಿ, ಎಲ್ಲಾ ಕಕ್ಕಿಬಿಡ್ತಾನ.”

“ಬ್ಯಾಡಮ್ಮಾ. ಹುಣಸಿನೀರು, ಮಜ್ಜಿಗಿ, ಉಪ್ಪುನೀರು ಏನೂ ಬ್ಯಾಡ. ಮೂರ್ಛೆ ಇರೋವ್ರು ಅವರು. ಬಾಯಾಗ ನೀರಿದ್ದಾಗ ಮೂರ್ಛೆ ಬಂದ್ರ ಉಸುರಿನ ನಳಿಗೆ ಹೋಗ್ತೈತಿ.”

ತಂಬಿಗೆ ವಿರೂಪಾಕ್ಷಮ್ಮನ ಕೈಯಲ್ಲೇ ಉಳಿಯಿತು.

ಗಂಗಾವತಿಯ ಆಸ್ಪತ್ರೆಯಲ್ಲಿ ಡಾಕ್ಟರ್ ರೇಣುಕಾದೇವಿ ಪೇಪರು ಬಿಚ್ಚಿ ಅಣಬೆ ನೋಡಿದರು. ಉಂಡು ಎಷ್ಟು ಹೊತ್ತಾಯಿತು, ವಾಂತಿ ಯಾವಾಗ ಶುರುವಾಯಿತು ಎಂದು ಕೇಳಿದರು. “ಉಂಡ ತಕ್ಷಣ ವಾಂತಿ ಆಗಿದ್ರ ನನಗ ಇಷ್ಟು ಅಂಜಿಕಿ ಇರ್ತಿರ್ಲಿಲ್ಲ,” ಎಂದರು. “ತಡಾ ಮಾಡಿ ಶುರುವಾಗೂ ಅಣಬಿ ವಿಷ ಲಿವರಿಗೆ ಹೋಗ್ತೈತಿ.” ಕೈಗೆ ಸಲೈನು ಏರಿತು. ರಕ್ತ ಪರೀಕ್ಷೆಗೆ ಹೋಯಿತು.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ, ಮೂರು ವರ್ಷ ಬಾರದಿದ್ದ ಮೂರ್ಛೆ ಬಂತು. ಅಮರಪ್ಪನ ಕಣ್ಣು ಮೇಲಕ್ಕೆ ಹೋದವು. ಕೈಕಾಲು ಸೆಟೆದು ಮಂಚದ ಸರಳಿಗೆ ಬಡಿದವು. ನರ್ಸು ಅವನನ್ನು ಮಗ್ಗುಲಿಗೆ ಹೊರಳಿಸಿದರು. ಡಾಕ್ಟರು ಇಂಜೆಕ್ಷನ್ ಕೊಟ್ಟರು. ಎಲ್ಲ ಎರಡು ಮೂರು ನಿಮಿಷ. ಗೋಡೆಗೆ ಒರಗಿ ನಿಂತಿದ್ದ ವಿರೂಪಾಕ್ಷಮ್ಮ ಮಂಚದ ಆ ಸರಳನ್ನೇ ನೋಡುತ್ತಿದ್ದರು.

“ಇಲ್ಲಿ ಸರಳೈತಿ,” ಎಂದರು ಮೆಲ್ಲಗೆ. “ಅಲ್ಲಿ ನೀರಿತ್ತು. ಐದು ದಿನ ನಾನ ಅವನ್ನ ನೀರಿನ ಮ್ಯಾಲೆ ನಿಂದ್ರಿಸೀನಿ.”

ಮಂಗಳವಾರ ವಾಂತಿ ನಿಂತಿತು. ಅಮರಪ್ಪ ಎದ್ದು ಕುಳಿತ, ಗಂಜಿ ಕುಡಿದ. ಚಪ್ಪಲಿ ಕಮಲಾಪುರ ಮುಟ್ಟಿರಬೇಕು ಎಂದು ನಕ್ಕ. “ಕಮಲಾಪುರ ಹೊಳಿ ಆಚಿ ಐತಿ, ಕಾಲುವಿ ಹರಿಯೂದು ಈ ಕಡೆ, ನಿಮ್ಮ ಚಪ್ಪಲಿ ಗುಡ್ಡ ಏರ್ತೈತೇನು?” ಎಂದು ತಾಜಬೀಯೂ ನಕ್ಕಳು. ವಿರೂಪಾಕ್ಷಮ್ಮ ಗಂಟು ಕಟ್ಟತೊಡಗಿದರು.

“ಆರಾಮಾಗ್ಯಾನ, ಮನಿಗೆ ಹೋಗೂಣು. ಇಲ್ಲಿ ಸುಮ್ನ ಯಾಕ ಮಲಗಿಸ್ಬೇಕು?”

“ಇದ ಮೋಸದ ದಿನ ಅಮ್ಮಾ,” ಎಂದರು ಡಾಕ್ಟರು. “ವಿಷ ಈಗ ಸುಮ್ಮನ ಇದ್ದಂಗ ಕಾಣ್ತೈತಿ. ಒಳಗ ಲಿವರು ತಿನ್ನಾಕತ್ತಿರ್ತೈತಿ. ಇವತ್ತು ಮನಿಗೆ ಹೋದವ್ರು ನಾಳೆ ಬರೂದು ಬ್ಯಾರೆ ರೀತಿ.”

ಮಲ್ಲೇಶ್ವರಿ ಗಂಟನ್ನು ಬಿಚ್ಚಿ ಬಟ್ಟೆಗಳನ್ನು ಮತ್ತೆ ಮಂಚದ ಕೆಳಗಿಟ್ಟಳು. ಅವನು ನಗುತ್ತಿದ್ದ ಆ ಇಡೀ ದಿನ ಅವಳಿಗೆ ಸೋಮವಾರಕ್ಕಿಂತ ಹೆಚ್ಚು ಭಯವಾಯಿತು. ಗಳಿಗೆಗೊಮ್ಮೆ ಅವನ ಕಣ್ಣಿನ ಬಿಳಿಯನ್ನು ನೋಡುತ್ತಿದ್ದಳು.

ಬುಧವಾರ ಬೆಳಿಗ್ಗೆ ಆ ಬಿಳಿ ಹಳದಿಯಾಗಿತ್ತು.

ಅವತ್ತೇ ಅವನನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹೊರಡುವ ಮುಂಚೆ ವಿರೂಪಾಕ್ಷಮ್ಮ ಡಾಕ್ಟರ ಮುಂದೆ ನಿಂತು, ಸೆರಗಿನ ಗಂಟಿನಿಂದ ಮಡಚಿದ ಒಂದು ಚೀಟಿ ತೆಗೆದರು. ಪೊಟ್ಟಣದಿಂದ ಕಿತ್ತಿಟ್ಟುಕೊಂಡಿದ್ದ ಚೀಟಿ.

“ಡಾಕ್ಟರ್ ಬಾಯಾರ, ನನಗ ಓದಾಕ ಬರಂಗಿಲ್ಲ. ಇದ್ರಾಗ ಬರದದ್ದು ಸುಳ್ಳೇನ್ರಿ?”

ಡಾಕ್ಟರು ಓದಿದರು. “ಸುಳ್ಳಲ್ಲ, ಅರ್ಧ. ಕಬ್ಬಿಣಕ್ಕ ತುಕ್ಕು ಹಿಡಿದಂಗ ನಮ್ಮ ನರಕೋಶಗಳೂ ಒತ್ತಡಕ್ಕ ಸವೀತಾವು. ಕೆಲವು ಬಗಿ ಅಣಬಿ ಸಾರ ಹಾಕಿದ್ರ ಸವಕಳಿ ಕಡಿಮಿ ಆಗಿದ್ದನ್ನ ವಿಜ್ಞಾನಿಗಳು ನೋಡ್ಯಾರ. ಎಲ್ಲಿ ನೋಡ್ಯಾರ? ಗಾಜಿನ ತಟ್ಟ್ಯಾಗಿನ ಕೋಶದಾಗ, ಇಲಿಗಳೊಳಗ. ಮನಷ್ಯಾರ ಮ್ಯಾಲೆ ನೋಡಿದ್ದು ಇನ್ನೂ ಸ್ವಲ್ಪ. ಅದೂ ಗುರುತು ಇದ್ದ ಅಣಬಿ, ಅಳತಿ ಮಾಡಿದ ಸಾರ. ಮೂರ್ಛೆಗೆ ಅದು ಔಷಧ ಅಂತ ಯಾರೂ ಹೇಳಿಲ್ಲ. ನಿಮ್ಮ ಸೊಸಿ ಬೆಳಿಯೂ ಅಣಬಿ ಛಲೋ ಊಟ. ಊಟ ಅಂತ ತಿನ್ರಿ. ಗುಳಿಗಿ ಬದಲಿ ಅಂತ ತಿನ್ನಬ್ಯಾಡ್ರಿ. ತಿಪ್ಪ್ಯಾಗಿಂದು ಮುಟ್ಟಲೇ ಬ್ಯಾಡ್ರಿ.”

“ಹಂಗಾದ್ರ ಉಳದರ್ಧ ಯಾಕ ಬರದಿಲ್ಲ?” ವಿರೂಪಾಕ್ಷಮ್ಮ ಸೊಸೆಯ ಕಡೆ ನೋಡಿದರು. ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ನಿಜವಾಗಿ ತಿಳಿಯದೆ ಕೇಳಿದ್ದರು.

ಮಲ್ಲೇಶ್ವರಿಗೆ ಚೀಟಿ ಸಣ್ಣದಿತ್ತು ಎಂದು ಹೇಳಲು ಆಗಲಿಲ್ಲ. “ನಂದ ತಪ್ಪು ಅತ್ತೀ,” ಎಂದಳು. “ನನಗ ಗೊತ್ತಿತ್ತು.”

ದೊಡ್ಡ ಆಸ್ಪತ್ರೆಯಲ್ಲಿ ಹದಿನೆಂಟು ದಿನ. ಐದನೆಯ ದಿನ ಅವನು ಹೆಂಡತಿಯ ಗುರುತು ಹಿಡಿಯಲಿಲ್ಲ. ಎಂಟನೆಯ ದಿನ ನೀರು ಕೇಳಿದ. ತಡ ಮಾಡದೆ ತಂದಿರಿ, ಅಣಬೆಯನ್ನೂ ತಂದಿರಿ, ಅದಕ್ಕೇ ದಾರಿ ಸಿಕ್ಕಿತು ಎಂದು ಅಲ್ಲಿನ ಡಾಕ್ಟರು ಹೇಳಿದರು. ಇಂಥ ವಿಷ ತಿಂದವರೆಲ್ಲ ಹೀಗೆ ಮನೆಗೆ ಮರಳುವುದಿಲ್ಲ ಎಂದೂ ಹೇಳಿದರು. ಆ ಎರಡನೆಯ ಮಾತನ್ನು ಮಲ್ಲೇಶ್ವರಿ ಈಗಲೂ ಮರೆತಿಲ್ಲ.

ಅಮರಪ್ಪ ಬದುಕಿ ಬಂದ. ನಾಚಿಕೆ ಬಿಟ್ಟು ಕಚೇರಿಗೆ ಹೋಗಿ ತನ್ನ ರೋಗದ ಮಾತು ಹೇಳಿದ. ಈಗ ಅವನು ನೀರು ಬಿಡುವ ಸರದಿಯ ಪಟ್ಟಿ ಬರೆಯುತ್ತಾನೆ. ತೂಬು ತಿರುಗಿಸುವವರು ಬೇರೆ. ತೂಕಡಿಕೆಯ ಮಾತನ್ನೂ ಡಾಕ್ಟರಿಗೆ ಹೇಳಿದ. ಅವರು ಗುಳಿಗೆಯ ಅಳತೆ, ಹೊತ್ತು ಬದಲಿಸಿಕೊಟ್ಟರು. ಅಷ್ಟು ಸುಲಭದ ಮಾತನ್ನು ಮೊದಲೇ ಕೇಳಬಹುದಿತ್ತು.

ಗುಳಿಗೆ ಡಬ್ಬಿ ಇವತ್ತಿಗೂ ವಿರೂಪಾಕ್ಷಮ್ಮನ ಕೈಯಲ್ಲೇ ಇದೆ. ಬೇರೆ ಯಾರಿಗೂ ಕೊಡುವುದಿಲ್ಲ. ಮಗನಿಗೆ ಗುಳಿಗೆ ಕೊಟ್ಟು ಎದುರಿಗೇ ನಿಲ್ಲುತ್ತಾರೆ. “ಬಾಯಿ ತಗಿ. ನಾಲಿಗಿ ಎತ್ತು. ಹ್ಞಾಂ, ಹೋಗು ಈಗ.” ನಲವತ್ತು ವರ್ಷದ ಅಮರಪ್ಪ ಶಾಲೆಯ ಹುಡುಗನ ಹಾಗೆ ನಾಲಿಗೆ ಎತ್ತುತ್ತಾನೆ. ಬೆಳೆ ಮುಗಿದ ಚೀಲದ ಹುಲ್ಲನ್ನು ಗುಂಪಿನವರು ಈಗ ಮನೆಯಿಂದ ದೂರ, ಗುಂಡಿ ತೋಡಿ ಮುಚ್ಚುತ್ತಾರೆ. ಆದರೂ ಮಳೆ ಬಂದ ಮರುದಿನ ವಿರೂಪಾಕ್ಷಮ್ಮ ಕೋಲು ಹಿಡಿದು ಹಿತ್ತಲು ಒಂದು ಸುತ್ತು ನೋಡುತ್ತಾರೆ. ಉಂಗುರ ಇದ್ದದ್ದು ವಿಷ, ಇಲ್ಲದ್ದು ಛಲೋ ಎಂದು ಯಾರೋ ಹೇಳಲು ಬಂದಾಗ, “ಏ, ಉಂಗುರ ಇಲ್ಲದ್ದೂ ಕೊಲ್ತಾವಂತ. ತಾಜಬೀ ಹೇಳ್ಯಾಳ. ಗುರುತು ಹಿಡಿಯಾಕ ಹೋಗಬ್ಯಾಡ, ಮುಟ್ಟಬ್ಯಾಡ,” ಎಂದು ಅವರೇ ಗದರಿಸಿದರು.

ಪೊಟ್ಟಣದ ಚೀಟಿ ಈಗ ದೊಡ್ಡದಾಗಿದೆ. ‘ಮರಳಿ ಅಣಬೆ. ಇದು ಊಟ, ಔಷಧವಲ್ಲ. ಡಾಕ್ಟರು ಕೊಟ್ಟ ಗುಳಿಗೆ ಬಿಡಬೇಡಿ. ಕಾಡು, ತಿಪ್ಪೆ, ಬಣವೆಯ ಅಣಬೆ ತಿನ್ನಬೇಡಿ.’ ಪಕೀರಮ್ಮ ಹೇಳಿದ ಹಾಗೆ ಅಣಬೆ ಸ್ವಲ್ಪ ಕಡಿಮೆಯೇ ಕಾಣುತ್ತದೆ. ಈಗ ಯಾರೂ ಅದಕ್ಕೆ ನಗುವುದಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಕೇಳುತ್ತಿರುವ ಅಣ್ಣಂದಿರೇ, ನರಕ್ಕೆ, ನೆನಪಿಗೆ, ಮೂರ್ಛೆಗೆ ಅಣಬೆ ಪುಡಿಯೇ ಮದ್ದು ಎಂದು ಸಂತೆಯಲ್ಲಿ ಯಾರಾದರೂ ಹೇಳಿದರೆ, ಫೋನಿನಲ್ಲಿ ವಿಡಿಯೋ ಬಂದರೆ, ಉಳಿದರ್ಧ ಮಾತು ಏನು ಎಂದು ಕೇಳಿ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ಡಾಕ್ಟರನ್ನು ಕೇಳಿ. ಗುಳಿಗೆ ಬೇಸರವಾದರೆ ಅದನ್ನೂ ಅವರಿಗೇ ಹೇಳಿ, ನೀವೇ ನಿಲ್ಲಿಸಬೇಡಿ. ಗುರುತಿಲ್ಲದ ಅಣಬೆ ಯಾರಾದರೂ ತಿಂದಿದ್ದರೆ ವಾಂತಿಗಾಗಿ ಕಾಯಬೇಡಿ, ವಾಂತಿ ನಿಂತರೆ ನಂಬಬೇಡಿ. ಉಳಿದ ಅಣಬೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೊರಡಿ.

ಮತ್ತೆ ಒಂದು ಮಾತು. ನಿಮ್ಮ ಮನೆಯ ಕಪಾಟಿನಲ್ಲೂ ಒಂದು ಗುಳಿಗೆ ಡಬ್ಬಿ ಇರುತ್ತದೆ. ಇದನ್ನು ಕೆಳಗಿಟ್ಟು, ಎದ್ದು ಹೋಗಿ ಅದರ ಮುಚ್ಚಳ ತೆಗೆಯಿರಿ. ಖಾಲಿಯಾಗಿರಬೇಕಾದ ಪಟ್ಟಿ ತುಂಬಿಕೊಂಡು ಕುಳಿತಿದೆಯೇ, ನೋಡಿರಿ.